ಎಡಗೈಯ ಅಂಜಿಕೆ

ಅವರ ಎರಡು ಕೈಗಳು ಒಬ್ಬರವೇ ಅನ್ನಿಸುತ್ತಿರಲಿಲ್ಲ. ಬಲಗೈ ಸಣ್ಣದು, ಒಣಗಿದ್ದು, ಹೊಲಿಯುವ ಆರಿ ಚುಚ್ಚಿ ಚುಚ್ಚಿ ಬೆರಳ ತುದಿಗಳೆಲ್ಲ ಗಂಟುಗಟ್ಟಿದ್ದವು. ಎಡಗೈ ಅಗಲ. ಅದರ ಅಂಗೈ ತೊಗಲು ಹದ ಮಾಡುವ ತಂಗಡಿ ತೊಗಟೆಯ ಬಣ್ಣಕ್ಕೆ ತಿರುಗಿತ್ತು, ಎಷ್ಟು ತೊಳೆದರೂ ಹೋಗುವಂಥದ್ದಲ್ಲ. ಚಪ್ಪಲಿಯನ್ನು ಮೊಣಕಾಲ ನಡುವೆ ಸಿಕ್ಕಿಸಿಕೊಂಡು ಬಲಗೈಯಲ್ಲಿ ಆರಿ ಆಡಿಸುತ್ತಿದ್ದರೆ ಎಡಗೈ ತೊಡೆಯ ಮೇಲೆ ಅಂಗಾತ ಬಿದ್ದಿರುತ್ತಿತ್ತು, ಬೆರಳು ಸ್ವಲ್ಪ ಮಡಿಚಿಕೊಂಡು. ಗಿರಾಕಿಗಳು ನಾಲ್ಕು ಮಾರು ದೂರ ನಿಂತೇ ಹರಿದ ಚಪ್ಪಲಿ ಒಗೆಯುತ್ತಿದ್ದರು. ಆಗ ಮಾತ್ರ ಆ ಕೈ ಏಳುತ್ತಿತ್ತು. ಕಣ್ಣು ಹೊಲಿಗೆ ಬಿಟ್ಟು ಎತ್ತಲೂ ಹೋಗುತ್ತಿರಲಿಲ್ಲ. ಅವರತ್ತ ಒಗೆದ ಚಪ್ಪಲಿ ನೆಲ ಮುಟ್ಟಿದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ.

ಅವರು ಎಂದು ಈಗ ಬರೆಯುತ್ತಿದ್ದೇನೆ. ಆಗ ಹಾಗೆನ್ನುತ್ತಿರಲಿಲ್ಲ. ಎಪ್ಪತ್ತರ ಹತ್ತಿರದ ಆ ಮನುಷ್ಯರನ್ನು ಇಪ್ಪತ್ಮೂರು ವರ್ಷದ ನಾನು, ಕೊರಳಲ್ಲಿ ಸೀಟಿ ಹಾಕಿಕೊಂಡ ಡ್ರಿಲ್ ಅಕ್ಕೋರು, "ಏ ಅಜ್ಜ, ನೀ" ಎಂದೇ ಮಾತಾಡಿಸುತ್ತಿದ್ದೆ. ಅವರು ನನಗೆ "ಅಕ್ಕೋರ, ನೀವು" ಎನ್ನುತ್ತಿದ್ದರು. ಊರೆಲ್ಲ ಹಾಗೇ ಇತ್ತು ಎಂದು ಹೇಳಿ ಜಾರಿಕೊಳ್ಳಬಹುದು. ಆದರೆ ನಾನು ಆ ಊರಿನವಳಲ್ಲ, ಧಾರವಾಡದಲ್ಲಿ ಓದಿ ಬಂದವಳು. ನಾಲ್ಕಕ್ಷರ ಕಲಿತವಳೆಂಬ ಸೊಕ್ಕೂ ಇತ್ತು. ಕಲಿತ ಅಕ್ಷರ ನಾಲಿಗೆಯವರೆಗೆ ಬಂದಿರಲಿಲ್ಲ, ಅಷ್ಟೆ.

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಸಿಂಧನೂರಿನ ಸುತ್ತ ಕಾಲುವೆ ನೀರು ಹರಿದು, ಜೋಳದ ಹೊಲಗಳೆಲ್ಲ ಭತ್ತದ ಗದ್ದೆಗಳಾಗಿ, ಆಂಧ್ರದಿಂದ ಬಂದವರ ಕ್ಯಾಂಪುಗಳು ಎದ್ದಿದ್ದವು. ಅಲ್ಲಿನ ಒಂದು ಹೆಣ್ಣುಮಕ್ಕಳ ಶಾಲೆಗೆ ನಾನು ಹಂಗಾಮಿ ಡ್ರಿಲ್ ಟೀಚರ್ ಆಗಿ ಬಂದೆ. ಹೆಂಗಸು ಡ್ರಿಲ್ ಹೇಳಿಕೊಡುವುದನ್ನು ಆ ಊರು ಮೊದಲ ಸಲ ನೋಡುತ್ತಿತ್ತು. ನಾನು ಸೀಟಿ ಊದಿದರೆ ಸಾಕು, ಬೇಲಿಯ ಆಚೆ ಸೈಕಲ್ಲುಗಳು ನಿಲ್ಲುತ್ತಿದ್ದವು.

ಬೇಲಿಯ ಆಚೆಗೇ ಒಂದು ಬೇವಿನ ಮರ, ಅದರ ಬುಡದಲ್ಲಿ ಒಂದು ಗೋಣಿಚೀಲ, ಅದರ ಮೇಲೆ ಅಜ್ಜ. ಅವರು ಸಂತೆಕಲ್ಲೂರಿನವರು, ತೊಗಲ ಕೆಲಸದ ಮನೆತನ. ಹಿಂದೆ ಬಾವಿಗಳಿಗೆ ಎತ್ತು ಹೂಡಿ ನೀರೆಳೆಯುತ್ತಿದ್ದ ಕಾಲದಲ್ಲಿ, ಆ ನೀರು ಮೊಗೆಯುವ ತೊಗಲಿನ ದೊಡ್ಡ ಚೀಲಕ್ಕೆ ಮೊಟ್ಟೆ ಎನ್ನುತ್ತಿದ್ದರು. ಮೊಟ್ಟೆ ಹೊಲಿಯುವುದರಲ್ಲಿ ಅವರದು ಎತ್ತಿದ ಕೈ. ಮಸ್ಕಿಯಿಂದ ತುರ್ವಿಹಾಳದ ತನಕ ರೈತರು ಅವರನ್ನೇ ಹುಡುಕಿಕೊಂಡು ಬರುತ್ತಿದ್ದರಂತೆ. ಕಾಲುವೆ ಬಂದ ಮೇಲೆ ಬಾವಿಗೆ ಯಾರು ಹೋಗುತ್ತಾರೆ? ಮೊಟ್ಟೆ ಕೇಳುವವರಿಲ್ಲದೆ ಅವರು ಚಪ್ಪಲಿ ಹೊಲಿಯಲು ಸಿಂಧನೂರಿಗೆ ಬಂದು ಕೂತರು. ಅದನ್ನೂ ನಗುತ್ತಲೇ ಹೇಳುತ್ತಿದ್ದರು: "ನೀರು ಬಂತು, ಮೊಟ್ಟಿ ಹೋತು. ಚಪ್ಪಲಿ ಆದ್ರೂ ಹೊಲಿಯೂಣು ಅಂತ ಬಂದ್ರ, ಎಲ್ಲಾರೂ ಹೋಗಿ ಕೆಸರಾಗ ನಿಂತಾರ. ಕೆಸರಿನವರಿಗೆ ಚಪ್ಪಲಿ ಯಾಕ ಬೇಕ್ರಿ?" ನಮ್ಮ ಹುಡುಗಿಯರು ಅವರಿಗೆ ಮೊಟ್ಟಿ ಅಜ್ಜ ಎಂದು ಹೆಸರಿಟ್ಟಿದ್ದರು.

ನಾನು ಬಂದ ವರ್ಷವೇ ಜಿಲ್ಲೆಯಿಂದ ಶಾಲೆಗೆ ಒಂದು ಕಟ್ಟಿಗೆ ಪೆಟ್ಟಿಗೆ ಬಂತು. ಅದರೊಳಗೆ ಸಾಫ್ಟ್‌ಬಾಲ್ ಆಟದ ಸಾಮಾನು. ಹೆಸರಿಗೆ ಮಾತ್ರ ಸಾಫ್ಟು. ಚೆಂಡು ಮೂಸಂಬಿಗಿಂತ ದೊಡ್ಡದು, ತಲೆಗೆ ಬಿದ್ದರೆ ಹಗಲೇ ಚುಕ್ಕಿ ಕಾಣಿಸುವಂಥದ್ದು. ಒಬ್ಬಳು ಚೆಂಡು ಹಾಕಬೇಕು, ಎದುರಿನವಳು ಬ್ಯಾಟಿನಿಂದ ಹೊಡೆದು ನಾಲ್ಕು ಮೂಲೆಗೆ ಇರುವ ನಾಲ್ಕು ಗುರುತು ಮುಟ್ಟುತ್ತ ಓಡಬೇಕು. ಆ ಗುರುತುಗಳಿಗೆ ಹುಡುಗಿಯರು ತಾವೇ 'ಮನಿ' ಎಂದು ಹೆಸರಿಟ್ಟುಕೊಂಡರು. ಮನೆಗಳ ಹತ್ತಿರ ನಿಲ್ಲುವ ನಾಲ್ವರಿಗೆ ಒಳಗಿನವರು ಎಂದರು, ದೂರ ನಿಲ್ಲುವವರಿಗೆ ಹೊರಗಿನವರು. ಹಿಡಿಯುವವರೆಲ್ಲರೂ ಎಡಗೈಗೆ ದಪ್ಪ ತೊಗಲಿನ ಗ್ಲೌಸು ಹಾಕಿಕೊಳ್ಳಬೇಕು. ಎಡಗೈಯಲ್ಲಿ ಹಿಡಿದು, ಬಲಗೈಯಲ್ಲಿ ಒಗೆಯುವುದು ಆ ಆಟದ ಪದ್ಧತಿ.

ನಮ್ಮ ಮುಖ್ಯ ಶಿಕ್ಷಕಿ, ದೊಡ್ಡಕ್ಕೋರು, ಪೆಟ್ಟಿಗೆಯೊಳಗೆ ಇಣುಕಿ ನೋಡಿ ಮೂಗು ಮುರಿದರು. "ಮೂರು ತಿಂಗಳಿಗೆ ಲಿಂಗಸುಗೂರಾಗ ಪಂದ್ಯ ಐತಿ. ಅಲ್ಲಿ ಮಾನ ಉಳಿಸ್ಕೊಂಡ್ರ ಆಟ ಇರಲಿ. ಇಲ್ಲಂದ್ರ ಈ ಪೆಟಿಗಿ ವಾಪಸ್, ಹುಡುಗ್ಯಾರು ಆಟದ ತಾಸಿನಾಗ ಕಸೂತಿ ಹಾಕಲಿ. ನಿಮ್ಮ ಹಂಗಾಮಿ ನೌಕರಿ ಬಗ್ಗೆನೂ ಆಗ ನೋಡೂಣು." ಕಸೂತಿ ಎಂದದ್ದೇ ತಡ, ಬಾಗಿಲಾಚೆ ಕಿವಿಗೊಟ್ಟು ನಿಂತಿದ್ದ ಹುಡುಗಿಯರು ಅಯ್ಯೋ ಎಂದದ್ದು ಒಳಗೆ ಕೇಳಿಸಿತು.

ಆ ಗ್ಲೌಸುಗಳೋ, ಕಟಕ್ ರೊಟ್ಟಿಗಿಂತ ಬಿರುಸು. ಮಡಿಚಿದರೆ ಮಡಿಚುವುದಿಲ್ಲ, ಚೆಂಡು ಬಿದ್ದರೆ ಪುಟಿದು ಆಚೆ ಹೋಗುತ್ತದೆ. ಮೂರು ವಾರ ನೋಡಿ ನನಗೆ ತೋಚಿದ್ದು ಒಂದೇ, ಬೇವಿನ ಮರ. ಒಂಬತ್ತೂ ಗ್ಲೌಸುಗಳನ್ನು ಚೀಲದಲ್ಲಿ ಒಯ್ದು ಅವರ ಮುಂದೆ ಸುರುವಿದೆ. ಸುರುವಿದೆ ಎಂದೇ ಹೇಳಬೇಕು, ಕೈಗೆ ಕೊಡಲಿಲ್ಲ.

ಅವರು ಒಂದನ್ನೆತ್ತಿ ಮೂಸಿದರು. ಕಿವಿಯ ಹತ್ತಿರ ಹಿಡಿದು ಮಡಿಚಿ, ಅದು ಕಿರ್ ಎನ್ನುವುದನ್ನು ಕೇಳಿಸಿಕೊಂಡರು. ತೊಗಲನ್ನು ಅವರು ಯಾವಾಗಲೂ ಕಿವಿಯಿಂದಲೇ ನೋಡುತ್ತಿದ್ದರು.

"ಇದಕ್ಕ ಏನಂತಾರ್ರಿ ಅಕ್ಕೋರ?"

"ಗ್ಲೌಸ್."

"ಇದು ಕೈಮೊಟ್ಟಿ ರೀ," ಎಂದರು. ಅಂದಿನಿಂದ ನಮ್ಮೆಲ್ಲರ ಬಾಯಲ್ಲೂ ಅದು ಕೈಮೊಟ್ಟಿಯೇ ಆಯಿತು.

ಆಟವನ್ನು ನೆಲದ ಮೇಲೆ ಕಡ್ಡಿಯಿಂದ ಬರೆಸಿಕೊಂಡು ಕೇಳಿದರು. ಒಳಗಿನವರು ಚೆಂಡು ಹಿಡಿದ ಮೇಲೆ ಏನು ಮಾಡುತ್ತಾರೆ? ಕೂಡಲೇ ತೆಗೆದು ಇನ್ನೊಂದು ಮನೆಗೆ ಒಗೆಯುತ್ತಾರೆ. ಎಷ್ಟು ಬೇಗ? ಓಡುವವಳು ಮುಟ್ಟುವುದರೊಳಗೆ. ಹೊರಗಿನವರು? ಅವರಿಗೆ ಅಷ್ಟು ಅವಸರವಿಲ್ಲ, ಎತ್ತರದಿಂದ ಬಂದದ್ದು ಕೈಬಿಟ್ಟು ಹೋಗದಿದ್ದರೆ ಸಾಕು. ಅಷ್ಟು ಕೇಳಿ ಅವರು ಒಂಬತ್ತನ್ನೂ ಒಂದೊಂದಾಗಿ ಕೈಗೆ ಹಾಕಿ ನೋಡಿ, ಸಣ್ಣವು, ಬೆರಳು ಮೋಟು ಇದ್ದವು, ನಾಲ್ಕನ್ನು ಬೇರೆ ಇಟ್ಟರು. "ಇವು ಒಳಗಿನವರಿಗೆ. ಹೊಟ್ಟಿ ಆಳ ಇದ್ರ ಚೆಂಡು ಒಳಗ ಹೋಗಿ ಮಕ್ಕೊಂತೈತಿ, ಎಬ್ಬಿಸಿ ತಗಿಯೋದ್ರಾಗ ಆ ಹುಡುಗಿ ಮನಿ ಮುಟ್ಟಿರತಾಳ. ಗಂಗಾಳದಂಗ ಇರಬೇಕು, ಬಿಂದಿಗಿ ಹಂಗಲ್ಲ." ನನಗೆ ತರಬೇತಿಯಲ್ಲಿ ಆರು ವಾರ ಹೇಳಿಕೊಟ್ಟವರು ಈ ಮಾತು ಹೇಳಿರಲಿಲ್ಲ. ಎಲ್ಲ ಗ್ಲೌಸೂ ಒಂದೇ ಎಂದುಕೊಂಡಿದ್ದೆ.

ಹದ ಮಾಡಲು ಹತ್ತು ದಿನ ತೆಗೆದುಕೊಂಡರು. ನಾನು ಬಿಸಿಲಿಗೆ ಇಡಲೇ ಎಂದೆ, ನೀರಲ್ಲಿ ನೆನೆಸಲೇ ಎಂದೆ. ಎರಡಕ್ಕೂ ನಾಲಿಗೆ ಲೊಚಗುಟ್ಟಿದರು. ಕುಸುಬಿ ಎಣ್ಣೆಯನ್ನು ಅರಿವೆಗೆ ಹಚ್ಚಿ, ಬರೇ ಒರೆಸುವಷ್ಟು ಕೊಟ್ಟರು. "ತೊಗಲು ಕುಡಿಯೋವಷ್ಟ ಕುಡಿಸಬೇಕ್ರಿ. ಹೆಚ್ಚಾತಂದ್ರ ಸೋಮಾರಿ ಆಗತೈತಿ, ಕೈಯಾಗ ಭಾರ ಬೀಳತೈತಿ." ಆಮೇಲೆ ತಿಕ್ಕುವುದು, ಹಿಟ್ಟು ನಾದಿದ ಹಾಗೆ ನಾದುವುದು, ಚೆಂಡು ಕೂರಬೇಕಾದ ಜಾಗಕ್ಕೆ ಮರದ ಕೊಡತಿಯಿಂದ ಮೆಲ್ಲಗೆ ಬಡಿಯುವುದು. ಹೆಬ್ಬೆರಳ ಬುಡ, ಕಿರುಬೆರಳ ಬುಡ, ಆ ಎರಡು ಕಡೆ ಮಾತ್ರ ಮಡಿಚುತ್ತಿದ್ದರು, ನಟ್ಟನಡುವೆ ಎಂದೂ ಇಲ್ಲ. "ಎಲ್ಲಿ ಮಡಿಚಬೇಕು ಅಂತ ತೊಗಲಿಗೆ ಒಂದ ಸಲ ಹೇಳಬೇಕು. ತಪ್ಪಿ ಹೇಳಿದಿವಂದ್ರ, ತಿದ್ದಿ ಹೇಳಿದ್ರೂ ಕೇಳಂಗಿಲ್ಲ." ಕೊನೆಗೆ ಒಂದೊಂದರೊಳಗೂ ಚೆಂಡಿಟ್ಟು ಅರಿವೆಯ ಪಟ್ಟಿಯಿಂದ ಸುತ್ತಿ ಕಟ್ಟಿ, ಗೋಣಿಚೀಲದ ಕೆಳಗೆ ಸಾಲಾಗಿ ಇಟ್ಟು ಅದರ ಮೇಲೆಯೇ ಕೂತು ಚಪ್ಪಲಿ ಹೊಲಿದರು. ಹಾದು ಹೋಗುವ ಹುಡುಗಿಯರು ಕೋಳಿ ಕಾವಿಗೆ ಕೂತಿದೆ ಎಂದು ನಗುತ್ತಿದ್ದರು. ಅವರೂ "ಇಪ್ಪತ್ತೊಂದು ದಿನ ಬೇಕ್ರಬೇ, ಅವಸರ ಮಾಡಬ್ಯಾಡ್ರಿ" ಎಂದು ನಗುತ್ತಿದ್ದರು.

ಹನ್ನೊಂದನೆಯ ದಿನ ಕೈಮೊಟ್ಟಿಗಳು ಬಂದವು. ಬೆರಳು ಬಗ್ಗಿಸಿದರೆ ಬಗ್ಗುತ್ತವೆ, ಬಾಯಿ ತೆರೆಯುತ್ತವೆ, ಮುಚ್ಚುತ್ತವೆ. ಎಂಥ ಖುಷಿ ನಮಗೆ! ಅದೇ ಸಂಜೆ ಆಟಕ್ಕೆ ನಿಂತರೆ, ಮತ್ತೆ ಅದೇ ಕತೆ. ಚೆಂಡು ಬಿಡುತ್ತಲೇ ಇದ್ದರು. ಒಳಗಿನ ನಾಲ್ವರಲ್ಲಿ ಎಲ್ಲರಿಗಿಂತ ಚುರುಕಿನವಳು ತುರ್ವಿಹಾಳದ ಒಬ್ಬ ಹುಡುಗಿ. ಅವಳ ಬಲಗೈ ಬೆರಳಿಗೆ ಚೆಂಡು ಬಡಿದು ಬೆರಳು ಬಾತು ಬದನೆಕಾಯಿಯಾಯಿತು. ಪಂದ್ಯಕ್ಕೆ ಎರಡು ತಿಂಗಳೂ ಉಳಿದಿರಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಬೇಲಿಯ ಹತ್ತಿರ ಹೋಗಿ, "ಏನ್ ಹದ ಮಾಡಿದಿ ಅಜ್ಜ? ಒಂದೂ ನಿಲ್ಲವಲ್ದು," ಎಂದು ರೇಗಿದೆ.

ಅವರು ಎದ್ದು ಬಂದು ಬೇಲಿಗೆ ಕೈಯಿಟ್ಟು ನಿಂತು ನೋಡಿದರು. ನಾಲ್ಕೈದು ಚೆಂಡು ನೋಡಿರಬೇಕು, ನಗಲು ಶುರು ಮಾಡಿದರು. ನನ್ನ ಸಿಟ್ಟು ಇನ್ನಷ್ಟು ಏರಿತು.

"ತೊಗಲಿಂದೇನೂ ತಪ್ಪಿಲ್ರಿ ಅಕ್ಕೋರ. ಹುಡುಗ್ಯಾರ ಎಡಗೈ ಅಂಜಾಕತ್ತೈತಿ."

"ಅಂದ್ರ?"

"ನೋಡ್ರಿ, ಚೆಂಡು ಬಂದ ಕೂಡ್ಲೆ ಯಾವ ಕೈ ಮುಂದ ಹೊಂಟೈತಿ ನೋಡ್ರಿ."

ನೋಡಿದೆ. ಬಲಗೈ. ಬರಿಗೈ. ಎಡಗೈಯಲ್ಲಿ ಅಷ್ಟು ದೊಡ್ಡ ತೊಗಲಿನ ಕವಚವಿದ್ದರೂ, ಚೆಂಡು ಹತ್ತಿರ ಬಂದೊಡನೆ ಒಂಬತ್ತು ಹುಡುಗಿಯರದೂ ಎಡಗೈ ಸೊಂಟದ ಹಿಂದೆ ಸರಿದು, ಬಲಗೈ ಮುಂದೆ ಚಾಚುತ್ತಿತ್ತು. ನಾನು ಹತ್ತಾರು ದಿನ ನೋಡಿದ್ದೆ, ಕಂಡಿರಲಿಲ್ಲ. ಎಡಗೈಯಲ್ಲಿ ಏನನ್ನಾದರೂ ಇಸಿದುಕೊಂಡರೆ ನಮ್ಮಲ್ಲಿ ಸುಮ್ಮನಿರುತ್ತಾರೆಯೆ? ಅಂಬೆಗಾಲಿನಿಂದ ಆ ಕೈಗೆ ಏಟು ಬಿದ್ದಿರುತ್ತದೆ. ಲಿಂಗಾಯತರ ಹುಡುಗಿ, ಕುರುಬರ ಹುಡುಗಿ, ಸಾಬರ ಹುಡುಗಿ, ಕ್ಯಾಂಪಿನ ತೆಲುಗು ಹುಡುಗಿ, ಎಲ್ಲರ ಮನೆಯಲ್ಲೂ ಬೇರೆ ಬೇರೆ ದೇವರು, ಎಡಗೈ ಮಾತ್ರ ಒಂದೇ. ಬಂದದ್ದನ್ನು ಎಡಗೈಯಲ್ಲಿ ತೆಗೆದುಕೊಳ್ಳಬೇಡ ಎಂದು ಹೊಡೆದು ಹೊಡೆದು ಹದ ಮಾಡಿದ ಕೈಗೆ ನಾನು ಒಂದು ತಿಂಗಳಲ್ಲಿ ಗ್ಲೌಸು ಹಾಕಿ ನಿಲ್ಲಿಸಿದ್ದೆ.

"ಇದಕ್ಕೇನ್ ಮಾಡೋದು ಅಜ್ಜ?" ನನ್ನ ದನಿ ಇಳಿದಿತ್ತು.

"ಕೈಮೊಟ್ಟಿ ಹದ ಆತು. ಇನ್ನ ಕೈ ಹದ ಆಗಬೇಕು," ಎಂದರು.

ಮರುದಿನ ಅವರನ್ನು ಮೈದಾನದೊಳಗೆ ಕರೆದೆ. ಅವರು ಮಡಿಲಲ್ಲಿ ಉಳ್ಳಾಗಡ್ಡಿ ತುಂಬಿಕೊಂಡು ಬಂದರು. ಹುಡುಗಿಯರ ಬಲಗೈಯನ್ನು ಬೆನ್ನ ಹಿಂದೆ ಕಟ್ಟಿಕೊಳ್ಳಲು ಹೇಳಿ, ಗ್ಲೌಸಿಲ್ಲದ ಬರೀ ಎಡಗೈಗೆ ಒಂದೊಂದೇ ಉಳ್ಳಾಗಡ್ಡಿ ಒಗೆದರು. ಹುಡುಗಿಯರು ಕಿಸಕ್ಕನೆ ನಕ್ಕು ಹಿಂದೆ ಸರಿದರು. "ಎಡಗೈಲೆ ಇಸ್ಕೊಂಡ್ರ ನಮ್ಮವ್ವ ಬರಿ ಹಾಕತಾಳ ಅಜ್ಜ," ಎಂದಳು ತುರ್ವಿಹಾಳದ ಹುಡುಗಿ.

"ಇಸ್ಕೋ ತಂಗಿ. ನಾ ದೇವರ ಪ್ರಸಾದ ಕೊಡಾಕತ್ತಿಲ್ಲ, ನಿಮ್ಮ ಮನಿ ಹಿರ್ಯಾನೂ ಅಲ್ಲ. ನನ್ನ ಕಡಿಂದ ಎಡಗೈಲೆ ಇಸ್ಕೊಂಡ್ರ ಯಾರೂ ಏನೂ ಅನ್ನಂಗಿಲ್ಲ."

ನಗುತ್ತಲೇ ಅಂದರು. ನಾನೂ ನಕ್ಕೆ. ಆ ಮಾತು ನನಗೆ ತಾಗಿದ್ದು ತಡವಾಗಿ.

ಮೂರ್ನಾಲ್ಕು ದಿನಕ್ಕೆ ಎಡಗೈಗಳು ಮುಂದೆ ಬರಲು ಶುರುವಾದವು. ಆಮೇಲೆ ಕೈಮೊಟ್ಟಿ ಹಾಕಿಸಿ ಚೆಂಡು. ಹುಡುಗಿಯರು ಚೆಂಡಿನ ಮೇಲೆ ಎರಗುತ್ತಿದ್ದರು, ಅದು ತಟ್ಟಿ ಸಿಡಿಯುತ್ತಿತ್ತು. "ಕಸಗೊಳ್ಳಾಕ ಹೋಗಬ್ಯಾಡ್ರಬೇ. ಅದು ಬರಾಕತ್ತೈತಿ, ಬರಲಿ ಬಿಡ್ರಿ. ಬಂದ ಮ್ಯಾಲೆ ಅದರ ಸಂಗಾಟ ಕೈನೂ ಒಂದೀಟು ಹಿಂದಕ ಬರಲಿ." ತಾವೇ ನಿಂತು ತೋರಿಸಿದರು. ನಾನು ಬಲವಾಗಿ ಒಗೆದ ಚೆಂಡು ಆ ಬರಿಗೈಗೆ ಸದ್ದಿಲ್ಲದೆ ಬಂದು ಸೇರಿತು. ಇದನ್ನೆಲ್ಲ ಎಲ್ಲಿ ಕಲಿತಿ ಎಂದು ಕೇಳಿದೆ. ಅವರು ಅದೇನು ದೊಡ್ಡ ವಿಷಯವಲ್ಲ ಎಂಬಂತೆ ಹೇಳಿದರು:

"ನನಗ ಯಾರೂ ಕೈಗೆ ಕೊಟ್ಟಿಲ್ರಿ ಅಕ್ಕೋರ. ಎಲ್ಲಾ ಒಗದಾರ. ಚಪ್ಪಲಿ ಒಗದಾರ, ರೊಟ್ಟಿ ಒಗದಾರ. ಬಲಗೈಯಾಗ ಆರಿ ಇರತೈತಿ, ಎಡಗೈಲೆನ ಹಿಡೀಬೇಕು. ರೊಟ್ಟಿ ನೆಲಕ್ಕ ಬಿತ್ತಂದ್ರ ಮಣ್ಣಾಗತೈತಿ. ಅದಕ್ಕ ಬಿಡಂಗಿಲ್ಲ, ಹಿಡಿತೀನಿ."

ಅವರ ಮುಂದೆ ಗ್ಲೌಸು ಸುರುವಿದ್ದು ನೆನಪಾಗಿ ಮುಖ ಬಿಸಿಯಾಯಿತು. ಸೀಟಿ ಊದಿ ಆಟ ಮುಂದುವರಿಸಿದೆ. ಮಾತಿಗೆ ಉತ್ತರ ತೋಚದಿದ್ದಾಗ ಸೀಟಿ ಊದುವುದು ಡ್ರಿಲ್ ಟೀಚರಿಗೆ ಇರುವ ಒಂದು ಅನುಕೂಲ.

ಒಂದು ವಾರ ಅವರು ಹೀಗೆ ಒಳಗೆ ಬಂದರು. ಎಂಟನೆಯ ದಿನ ದೊಡ್ಡಕ್ಕೋರು ನನ್ನನ್ನು ಕರೆಸಿದರು. ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ ಹೇಳಿದರು: "ನಾನೇನ್ ಅನ್ನಂಗಿಲ್ಲವಾ. ಆದ್ರ ಊರಾಗ ಮಾತು ಬ್ಯಾರೆ ಆಗ್ಯಾವ. ಹುಡುಗ್ಯಾರು ಅವನ ಕೈ ಮುಟ್ಟತಾರಂತ, ಅವನು ಮುಟ್ಟಿದ್ದು ಇಸ್ಕೊಂತಾರಂತ. ನಾಕು ಮನಿಯವರು ಬಂದು ಹೋಗ್ಯಾರ. ಅವನು ಒಳಗ ಬಂದ್ರ ನಮ್ಮ ಮಕ್ಕಳು ಬರಂಗಿಲ್ಲ ಅಂದಾರ. ನಿಮಗ ಆಟ ಬೇಕೋ, ಅವನು ಬೇಕೋ?"

ಆ ನಾಲ್ಕು ಮನೆಯ ಹುಡುಗಿಯರು ಹೋದರೆ ತಂಡವೇ ಇಲ್ಲ. ತಂಡವಿಲ್ಲದಿದ್ದರೆ ಪೆಟ್ಟಿಗೆ ವಾಪಸ್ಸು, ಕಸೂತಿ, ನನ್ನ ನೌಕರಿ. ಇದೆಲ್ಲ ನಿಜ. ಆದರೂ ಆ ಮನೆಗಳಿಗೆ ಹೋಗಿ ಒಂದು ಮಾತಾಡಬಹುದಿತ್ತು. ನಾನು ಹೋಗಲಿಲ್ಲ. ಸಂಜೆ ಅಜ್ಜನ ಹತ್ತಿರ ಹೋಗಿ, ಚಪ್ಪಲಿಯ ಬಾರು ನೋಡುತ್ತ, "ಅಜ್ಜ, ನೀ ನಾಳಿಂದ ಬೇಲಿ ಹೊರಗ ನಿಂತು ಹೇಳಿದ್ರ..." ಎಂದು ಅರ್ಧಕ್ಕೆ ನಿಲ್ಲಿಸಿದೆ.

ಉಳಿದ ಅರ್ಧ ಅವರೇ ತೆಗೆದುಕೊಂಡರು. "ಛಲೋನ ಆತಲ್ರಿ. ದೂರಿಂದ ಬಂದದ್ದು ಹಿಡಿಯೋದು ಹುಡುಗ್ಯಾರಿಗೆ ರೂಢಿ ಆಗತೈತಿ," ಎಂದು ಆರಿಗೆ ಮೇಣ ಹಚ್ಚತೊಡಗಿದರು. ಅವರ ಮುಖದಲ್ಲಿ ಏನಾದರೂ ಬದಲಾಯಿತೋ ಎಂದು ನಾನು ನೋಡಲಿಲ್ಲ. ನೋಡುವ ಧೈರ್ಯವಿರಲಿಲ್ಲ.

ಮುಂದೆ ಒಂದೂವರೆ ತಿಂಗಳು ಅವರು ಬೇಲಿಯ ಹೊರಗಿನಿಂದಲೇ ಕಲಿಸಿದರು. ಮಧ್ಯಾಹ್ನದ ಗಿರಾಕಿಗಳನ್ನು ಬೇಗ ಮುಗಿಸಿ, ನಾಲ್ಕು ಗಂಟೆಗೆ ಬೇಲಿಗೆ ಬಂದು ನಿಲ್ಲುತ್ತಿದ್ದರು. ಬೇಲಿಯ ಮೇಲಿಂದ ಚೆಂಡು ಒಗೆಯುತ್ತಿದ್ದರು, ನೆಲಕ್ಕೆ ಬಡಿದು ಏಳುವಂತೆ, ಎತ್ತರದಿಂದ ಇಳಿಯುವಂತೆ, ಪಕ್ಕಕ್ಕೆ ಜಾರುವಂತೆ. ಹುಡುಗಿಯರು ಹಿಡಿದು ವಾಪಸ್ ಒಗೆದದ್ದನ್ನು ಮುಳ್ಳಿನ ಮೇಲೆ ಎಡಗೈ ಚಾಚಿ ಹಿಡಿಯುತ್ತಿದ್ದರು. ತೋಳಿಗೆ ಗೀರಾಗಿರುತ್ತಿತ್ತು. ಯಾರಾದರೂ ಚೆಂಡು ಬಿಟ್ಟರೆ ಬೈಯುತ್ತಿರಲಿಲ್ಲ. "ರೊಟ್ಟಿ ಮಣ್ಣಾತು ತಂಗಿ," ಎನ್ನುತ್ತಿದ್ದರು. ಅದು ಹುಡುಗಿಯರ ಬಾಯಿಗೂ ಬಂತು. ಒಬ್ಬಳು ಬಿಟ್ಟರೆ ಉಳಿದವರೆಲ್ಲ "ರೊಟ್ಟಿ ಮಣ್ಣಾತು!" ಎಂದು ಕೂಗುತ್ತಿದ್ದರು. ಅವರಿಗೆ ಅದು ಆಟದ ಮಾತು.

ಪಂದ್ಯದ ದಿನ ಬೆಳಿಗ್ಗೆ ಲಿಂಗಸುಗೂರಿನ ಬಸ್ಸು ಹತ್ತಿದೆವು. ಬಸ್ಸಿನಲ್ಲಿ ಜಾಗವಿತ್ತು. ಅಜ್ಜ ಬಸ್ ನಿಲ್ದಾಣದ ತನಕ ಬಂದಿದ್ದರು, ಕೈಮೊಟ್ಟಿಗಳನ್ನು ಕೊನೆಯ ಸಲ ಕಿವಿಗೆ ಹಿಡಿದು ನೋಡಿಕೊಟ್ಟರು. ಬರುತ್ತೀಯಾ ಅಜ್ಜ ಎಂದು ನಾನು ಕೇಳಲಿಲ್ಲ. ಅವರೂ ಕೇಳಲಿಲ್ಲ. ಮಸ್ಕಿ ದಾಟುವ ತನಕ ಹುಡುಗಿಯರು ಹಾಡುತ್ತಿದ್ದರು.

ಲಿಂಗಸುಗೂರಿನಲ್ಲಿ ನಾವು ಗೆದ್ದೆವು ಎಂದು ಬರೆಯಲು ನನಗೂ ಆಸೆ. ಒಂದು ಓಟದಿಂದ ಸೋತೆವು. ಬ್ಯಾಟು ಹಿಡಿದು ಹೊಡೆಯುವುದರಲ್ಲಿ ನಮ್ಮವರು ಹಿಂದೆ ಬಿದ್ದಿದ್ದರು. ಅದನ್ನು ಕಲಿಸಬೇಕಾದವಳು ನಾನಾಗಿದ್ದೆ. ಆದರೆ ಒಳಗಿನ ನಾಲ್ವರ ಕೈಯಿಂದ ಇಡೀ ಪಂದ್ಯದಲ್ಲಿ ಒಂದು ಚೆಂಡೂ ಬೀಳಲಿಲ್ಲ. ತುರ್ವಿಹಾಳದ ಹುಡುಗಿ ನೆಲ ಬಡಿದು ಸಿಡಿದ ಚೆಂಡನ್ನು ಎಡಗೈಯಲ್ಲಿ ಬರಮಾಡಿಕೊಂಡು, ತಿರುಗುವುದರೊಳಗೆ ಬಲಗೈಗೆ ತೆಗೆದು ಒಗೆಯುತ್ತಿದ್ದಳು. ನೋಡಲು ಬಂದವರು ಎದುರಾಳಿಗಳ ಊರಿನವರೇ ಆಗಿದ್ದರೂ ಚಪ್ಪಾಳೆ ತಟ್ಟಿದರು.

ಪಂದ್ಯ ನಡೆಸಲು ಜಿಲ್ಲೆಯಿಂದ ಬಂದಿದ್ದ ಅಧಿಕಾರಿಯೊಬ್ಬರು ನನ್ನನ್ನು ಕರೆದರು. ಕೈಯಲ್ಲಿ ಒಂದು ಕಾಗದ. "ಚೆಂಡು ಹಿಡಿಯೋದ್ರಾಗ ಇಂಥ ಹುಡುಗ್ಯಾರ್ನ ನಾ ನೋಡಿಲ್ಲ. ಮ್ಯಾಲೆ ಬರೀತೀನಿ. ಇವರಿಗೆ ಕಲಿಸಿದವರ ಹೆಸರೇನ್ರಿ?" ಎಂದು ಪೆನ್ನು ಎತ್ತಿ ಹಿಡಿದು ಕಾದರು. ಒಂಬತ್ತು ಹುಡುಗಿಯರೂ ಸುತ್ತ ನಿಂತಿದ್ದರು.

ಅಜ್ಜನ ಹೆಸರು ಹೇಳಬೇಕೆಂದು ಬಾಯಿ ತೆರೆದೆ. ಹೆಸರು ನನಗೆ ಗೊತ್ತಿರಲಿಲ್ಲ. ಎರಡು ತಿಂಗಳಿಗೂ ಹೆಚ್ಚು ದಿನಾ ಮಾತಾಡಿಸಿದ ಮನುಷ್ಯರ ಹೆಸರನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ಹೆಸರು ಗೊತ್ತಿಲ್ಲ, ಬೇವಿನ ಮರದ ಕೆಳಗೆ ಚಪ್ಪಲಿ ಹೊಲಿಯುವ ಅಜ್ಜ ಎಂದಾದರೂ ಹೇಳಬಹುದಿತ್ತು. ಅಧಿಕಾರಿಯ ಪೆನ್ನು ಕಾಯುತ್ತಿತ್ತು. ನಾನು ನನ್ನ ಹೆಸರು ಹೇಳಿದೆ. ಅವರು ಬರೆದುಕೊಂಡರು.

ವಾಪಸ್ ಬರುವಾಗ ಯಾರೂ ಹಾಡಲಿಲ್ಲ. ಸೋತ ಬೇಸರ ಎಂದು ನನಗೆ ನಾನೇ ಹೇಳಿಕೊಂಡೆ. ಮಸ್ಕಿಯಲ್ಲಿ ಬಸ್ಸು ನಿಂತಾಗ ತುರ್ವಿಹಾಳದ ಹುಡುಗಿ ಬಂದು ಪಕ್ಕ ಕೂತಳು.

"ಅಕ್ಕೋರೆ, ಅಜ್ಜನ ಹೆಸರು ಯಾಕ ಹೇಳಲಿಲ್ರಿ?"

"ನನಗ ಗೊತ್ತಿದ್ದಿಲ್ಲವಾ."

"ನಮ್ಮನ್ನ ಕೇಳಬೇಕಿಲ್ರಿ?"

"ನಿನಗ ಗೊತ್ತೈತೇನು?"

ಹಿಂದೆ ತಿರುಗಿ ಉಳಿದವರನ್ನು ನೋಡಿದಳು. ಯಾರಿಗೂ ಗೊತ್ತಿರಲಿಲ್ಲ. ಸಿಂಧನೂರು ಬರುವ ತನಕ ಅವಳು ಬಾತು ಇಳಿದ ತನ್ನ ಬೆರಳನ್ನು ನೋಡುತ್ತ ಕೂತಿದ್ದಳು.

ಮರುದಿನ ಬೆಳಿಗ್ಗೆ ಬೇವಿನ ಮರದ ಹತ್ತಿರ ಹೋದೆ. ಅವರು ಮೊದಲು ಕೇಳಿದ್ದು ಸೋಲು ಗೆಲುವಲ್ಲ, "ಎಷ್ಟು ಬಿದ್ವು ರೀ?" ಎಂದು. ಒಳಗಿನವರು ಒಂದೂ ಬಿಡಲಿಲ್ಲ ಎಂದೆ. ಅವರು ಆರಿ ಕೆಳಗಿಟ್ಟು ಎರಡೂ ಕೈ ಮುಖಕ್ಕೆ ಒತ್ತಿಕೊಂಡರು. ನಗುತ್ತಿದ್ದಾರೋ ಅಳುತ್ತಿದ್ದಾರೋ ಗೊತ್ತಾಗಲಿಲ್ಲ. ಆಮೇಲೆ ನಾನು ಆ ಕಾಗದದ ವಿಷಯ ಹೇಳಿದೆ. ಮುಚ್ಚಿಡದೆ ಎಲ್ಲ ಹೇಳಿದೆ. ಹೇಳಿ, "ನಿಮ್ಮ ಹೆಸರೇನ್ರಿ ಅಜ್ಜ?" ಎಂದು ಕೇಳಿದೆ.

ಅವರು ತಲೆಯೆತ್ತಿ ನನ್ನನ್ನು ನೋಡಿದರು. "ಒಮ್ಮಿಗೆಲೆ ಇಷ್ಟು ರೀ ಹಚ್ಚಬ್ಯಾಡ್ರಿ ಅಕ್ಕೋರ, ಜೀರ್ಣ ಆಗಂಗಿಲ್ಲ."

"ಇಲ್ರಿ, ಹೇಳ್ರಿ. ನಾ ಆ ಸಾಹೇಬ್ರಿಗೆ ಕಾಗದ ಬರೀತೀನಿ. ತಿದ್ದಾಕ ಹೇಳತೀನಿ."

"ಬ್ಯಾಡ್ರಿ. ಹೆಸರು ಹೇಳಿದ್ರ ಮನಿ ಯಾವುದು ಅಂತಾರ. ಮನಿ ಹೇಳಿದ್ರ ಓಣಿ ಯಾವುದು ಅಂತಾರ. ಓಣಿ ಗೊತ್ತಾತಂದ್ರ ಆಟ ಮುಗೀತು, ಆ ಹುಡುಗ್ಯಾರು ಮತ್ತ ಸೂಜಿ ಹಿಡೀಬೇಕು. ಈಗೀಗ ಅವರ ಎಡಗೈ ಅಂಜಿಕಿ ಬಿಟ್ಟೈತಿ. ಸುಮ್ಮನ ಯಾಕ? ಅಜ್ಜ ಅಂತೀರಲ್ಲ, ಅಷ್ಟ ಸಾಕು."

ನಾನು ಕಾಗದ ಬರೆಯಲಿಲ್ಲ. ಅವರು ಬೇಡವೆಂದರು ಎಂಬುದು ಒಂದು ಕಾರಣ. ಬೇಡವೆಂದದ್ದು ನನಗೆ ಹಗುರಾಯಿತು ಎಂಬುದು ಇನ್ನೊಂದು. ಯಾವುದು ದೊಡ್ಡದು ಎಂದು ಈ ವಯಸ್ಸಿನಲ್ಲೂ ಖಚಿತವಾಗಿ ಹೇಳಲಾರೆ.

ಶಾಲೆಯಲ್ಲಿ ಆಟ ಉಳಿಯಿತು. ಆ ಅಧಿಕಾರಿ ಬರೆದ ಕಾಗದ ನನ್ನ ನೌಕರಿ ಕಾಯಂ ಆಗಲು ನೆರವಾಯಿತು. ಒಂದು ವರ್ಷ ಬಿಟ್ಟು ನನಗೆ ಲಿಂಗಸುಗೂರಿಗೆ ವರ್ಗವಾಯಿತು. ಅಲ್ಲಿಯೂ, ಮುಂದೆ ಹೋದ ಊರುಗಳಲ್ಲಿಯೂ, ಹೊಸ ಹುಡುಗಿಯರ ಬಲಗೈ ಹಿಂದೆ ಕಟ್ಟಿಸಿ ಉಳ್ಳಾಗಡ್ಡಿಯಿಂದಲೇ ಶುರು ಮಾಡಿದೆ. ಒಳಗಿನವರಿಗೆ ಗಂಗಾಳದಂಥ ಕೈಮೊಟ್ಟಿ, ಹೊರಗಿನವರಿಗೆ ಬಿಂದಿಗೆಯಂಥದ್ದು. ಮೂವತ್ತು ವರ್ಷ ನಾನು ಉಂಡ ಅನ್ನಕ್ಕೆ ಬೇವಿನ ಮರದ ಕೆಳಗಿನ ಆ ಹತ್ತು ದಿನಗಳೇ ಆಧಾರ. ನನಗೆ ಹೊಗಳಿಕೆ ಬಂತು, ಶಾಲುಗಳು ಬಂದವು. ಎಲ್ಲವನ್ನೂ ಎರಡೂ ಕೈ ಚಾಚಿ ತೆಗೆದುಕೊಂಡೆ.

ಲಿಂಗಸುಗೂರಿನಲ್ಲಿದ್ದಾಗಲೇ ಒಂದು ದಿನ ತುರ್ವಿಹಾಳದ ಹುಡುಗಿ ಬಸ್ಸಿಳಿದು ನೇರ ಶಾಲೆಗೆ ಬಂದಳು. "ಅಜ್ಜ ಹೋದ್ರು ರೀ. ನಿನ್ನಿ ಮಣ್ಣಾತಂತ," ಎಂದಳು. ಇಬ್ಬರೂ ಸಂತೆಕಲ್ಲೂರಿಗೆ ಹೋದೆವು. ಆ ಓಣಿಗೆ ನಾನು ಕಾಲಿಟ್ಟದ್ದು ಅದೇ ಮೊದಲು. ಅವರ ಮಗಳು ಕೂರಲು ಕಂಬಳಿ ಹಾಸಿ, ಚರಿಗೆಯಲ್ಲಿ ನೀರು ತಂದು, ನೆಲದ ಮೇಲೆ ಇಡಲು ಬಗ್ಗಿದಳು. ಅವಳಿಗೆ ಅದೇ ರೂಢಿ. ತುರ್ವಿಹಾಳದ ಹುಡುಗಿ ಕೈ ಮುಂದೆ ಮಾಡಿ ಅವಳ ಕೈಯಿಂದಲೇ ಇಸಿದುಕೊಂಡು ಕುಡಿದಳು. ಅವಳ ಹಿಂದೆ ನಾನು ಕುಡಿದೆ.

"ಡ್ರಿಲ್ ಅಕ್ಕೋರು ನೀವೇನ್ರಿ?" ಎಂದು ಕೇಳಿ, ಮಗಳು ನನ್ನ ಪೂರ್ತಿ ಹೆಸರು ಹೇಳಿದಳು. ಆಮೇಲೆ ಪಕ್ಕದಲ್ಲಿ ಕೂತವಳ ಹೆಸರು. ಆಮೇಲೆ ಒಂದೊಂದಾಗಿ ಉಳಿದ ಎಂಟು ಹುಡುಗಿಯರ ಹೆಸರು, ಆಟದಲ್ಲಿ ಯಾರು ಎಲ್ಲಿ ನಿಲ್ಲುತ್ತಿದ್ದರು ಎಂಬುದರ ಸಮೇತ. "ಅಪ್ಪ ಊರಿಗೆ ಬಂದಾಗೊಮ್ಮೆ ನಿಮ್ಮೆಲ್ಲಾರ ಹೆಸರು ಹೇಳಾಂವ ರೀ. ಕೇಳಿ ಕೇಳಿ ನನಗೂ ಪಾಠ ಆಗ್ಯಾವ."

ಆಗ ನಾನು ಅವರ ಹೆಸರು ಕೇಳಿದೆ. ಮಗಳು ಹೇಳಿದಳು. ಚಂದದ ಹೆಸರು.

ಇದನ್ನು ಬರೆಯಲು ಕೂತಾಗಿನಿಂದ ಅದು ನನ್ನ ನಾಲಿಗೆಯ ಮೇಲಿದೆ. ಆದರೆ ಅವರು ನನಗೆ ಅದನ್ನು ಕೊಟ್ಟಿರಲಿಲ್ಲ, ಕೇಳಿದಾಗ ಬೇಡವೆಂದಿದ್ದರು. ಅವರ ಹೆಸರಿರಬೇಕಾಗಿದ್ದ ಕಾಗದದಲ್ಲಿ ಇವತ್ತಿಗೂ ನನ್ನ ಹೆಸರೇ ಇದೆ. ಅಲ್ಲಿ ಬರೆಸದವಳು ಇಲ್ಲಿ ಬರೆದು ಹಗುರಾಗುವುದು ನ್ಯಾಯವಲ್ಲ.